ಲಿಫ್ಟ್ ಓಡಿದರೆ ಸಾಲದು, ಪರವಾನಗಿಯೂ ಬೇಕು

ರಾಯಚೂರು: ನಗರದ ಆಸ್ಪತ್ರೆಯಿರಲಿ, ಮಾನ್ವಿ ಅಥವಾ ದೇವದುರ್ಗದ ವಸತಿಗೃಹವಿರಲಿ, ಲಿಫ್ಟ್ ಅಳವಡಿಸುವ ಮುನ್ನ ಕಟ್ಟಡದ ಮಾಲೀಕರು ಸರ್ಕಾರದ ಅನುಮತಿ ಪಡೆಯಬೇಕು. ಅಳವಡಿಸಿದ ಬಳಿಕವೂ ತಪಾಸಣೆ ಮುಗಿದು ಪರವಾನಗಿ ಕೈಸೇರುವವರೆಗೆ ಅದನ್ನು ಬಳಕೆಗೆ ಬಿಡುವಂತಿಲ್ಲ. 1974ರ ಕರ್ನಾಟಕ ಲಿಫ್ಟ್ ಅಧಿನಿಯಮದ ಸ್ಥಾನದಲ್ಲಿ ಬಂದ 2012ರ ಅಧಿನಿಯಮವು ಎಸ್ಕಲೇಟರ್‌ಗಳನ್ನೂ ಈ ವ್ಯಾಪ್ತಿಗೆ ತಂದಿದೆ. ಜಾರಿಯ ಹೊಣೆ ವಿದ್ಯುತ್ ಪರಿವೀಕ್ಷಣಾಲಯದ್ದು.

ನಿತ್ಯ ಸುಗಮವಾಗಿ ಓಡುವ ಲಿಫ್ಟ್‌ಗೆ ತಪಾಸಣೆ ಏಕೆ ಎಂಬ ಪ್ರಶ್ನೆ ಸಹಜ. ಆದರೆ ಜೀವ ಉಳಿಸುವ ಕೆಲವು ಸಾಧನಗಳಿಗೆ ನಿತ್ಯದ ಓಡಾಟದಲ್ಲಿ ಕೆಲಸವೇ ಇರುವುದಿಲ್ಲ. ಲಿಫ್ಟ್ ಮಿತಿಮೀರಿದ ವೇಗದಲ್ಲಿ ಕೆಳಗಿಳಿದರೆ 'ಗವರ್ನರ್' ಎಂಬ ಸಾಧನ ಅದನ್ನು ಗುರುತಿಸುತ್ತದೆ. ಆಗ ಸುರಕ್ಷತಾ ಬ್ರೇಕ್ ಇಕ್ಕೆಲದ ಉಕ್ಕಿನ ಕಂಬಿಗಳನ್ನು ಬಿಗಿಹಿಡಿದು ಲಿಫ್ಟನ್ನು ತಡೆಯುತ್ತದೆ. ಈ ಬ್ರೇಕ್ ತುಕ್ಕು ಹಿಡಿದಿದ್ದರೂ ಲಿಫ್ಟ್ ಎಂದಿನಂತೆಯೇ ಓಡಬಹುದು. ದೋಷ ತಿಳಿಯುವುದು ಒಂದೋ ಪರೀಕ್ಷೆಯಲ್ಲಿ, ಇಲ್ಲವೇ ಅಪಘಾತದಲ್ಲಿ.

ಲಿಫ್ಟ್ ಬಂದು ನಿಲ್ಲದ ಮಹಡಿಯಲ್ಲಿ ಬಾಗಿಲು ತೆರೆದುಕೊಳ್ಳುವುದೂ ಅಷ್ಟೇ ಅಪಾಯಕಾರಿ. ಇದನ್ನು ತಡೆಯುವ ಬಾಗಿಲಿನ ಬೀಗವನ್ನೂ ಪರೀಕ್ಷಿಸಲಾಗುತ್ತದೆ. ಅಪಘಾತ ಸಂಭವಿಸಿದರೆ ಪರಿವೀಕ್ಷಕರಿಗೆ ತಿಳಿಸುವುದು ಮಾಲೀಕರ ಕರ್ತವ್ಯ.

ಬಹುಮಹಡಿ ಕಟ್ಟಡಗಳ ನಿವಾಸಿಗಳು ನಿರ್ವಹಣಾ ಶುಲ್ಕ ಪಾವತಿಸುವಾಗ ಲಿಫ್ಟ್‌ನ ಪರವಾನಗಿ ಹಾಗೂ ಕೊನೆಯ ತಪಾಸಣೆಯ ದಿನಾಂಕವನ್ನೂ ಕೇಳಿ ತಿಳಿದುಕೊಳ್ಳುವುದು ಒಳಿತು.