ಸ್ಟಿಯರಿಂಗ್ ಎಣ್ಣೆ ಸೋರಿದರೆ

ನಮ್ಮ ಸದಸ್ಯರಲ್ಲಿ ಹಲವರ ಮನೆಯಲ್ಲಿ ಹಳೆಯ ಕಾರು, ಜೀಪುಗಳು ಇನ್ನೂ ದುಡಿಯುತ್ತಿವೆ. ಹೊಳಲ್ಕೆರೆ, ಹೊಸದುರ್ಗದ ತೋಟಗಳಿಂದ ಭೀಮಸಮುದ್ರದ ಅಡಿಕೆ ಪೇಟೆಗೆ ಹೊರಡುವ ಮುನ್ನ ಗಾಡಿ ನಿಂತಿದ್ದ ನೆಲವನ್ನೊಮ್ಮೆ ನೋಡುವುದು ಲೇಸು. ಮುಂಭಾಗದಡಿ ಕೆಂಪೆಣ್ಣೆಯ ಕಲೆಯಿದ್ದು, ಸ್ಟಿಯರಿಂಗ್ ತಿರುಗಿಸುವಾಗ ಕೊಂಯ್ ಎಂಬ ಸದ್ದು ಬಂದರೆ ಪವರ್ ಸ್ಟಿಯರಿಂಗಿನ ಹೋಸ್ ಪೈಪು ಸೋರುತ್ತಿರಬಹುದು. ವಿದ್ಯುತ್ ಮೋಟಾರಿನ ಸ್ಟಿಯರಿಂಗ್ ಇರುವ ಹೊಸ ಕಾರುಗಳಿಗೆ ಈ ತಾಪತ್ರಯವಿಲ್ಲ.

ಪೈಪುಗಳು ಎರಡು. ಪಂಪಿನಿಂದ ಎಣ್ಣೆ ಒಯ್ಯುವ ಪೈಪಿನಲ್ಲಿ ಒತ್ತಡ ಟೈರಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು. ಇದಕ್ಕೆ ಟ್ಯೂಬಿನ ರಬ್ಬರ್ ಸುತ್ತಿ ತಂತಿ ಬಿಗಿಯುವುದು ವ್ಯರ್ಥ, ಹೊಸದನ್ನೇ ಹಾಕಿಸಬೇಕು. ಇಂಜಿನ್ ಓಡುತ್ತಿರುವಾಗ ಬೆರಳಿನಿಂದ ತಡಕಲೂಬಾರದು, ಸೂಜಿಯಂಥ ಧಾರೆ ಚರ್ಮದೊಳಕ್ಕೇ ನುಗ್ಗೀತು. ಎಣ್ಣೆ ವಾಪಸು ತರುವ ಪೈಪಿನಲ್ಲಿ ಒತ್ತಡ ಕಡಿಮೆ. ಅಲ್ಲಿ ಕೆಲವೊಮ್ಮೆ ಸಡಿಲವಾದ ಕ್ಲಿಪ್ ಬಿಗಿ ಮಾಡಿದರೆ ಸಾಕು.

ದಿನವೂ ಎಣ್ಣೆ ಸುರಿದುಕೊಂಡೇ ಓಡಿಸುವವರಿದ್ದಾರೆ. ನಾವು ಇದನ್ನು ಉಳಿತಾಯವೆನ್ನಲಾರೆವು. ಎಣ್ಣೆ ಬತ್ತಿದರೆ ಪಂಪೇ ಸವೆದುಹೋಗುತ್ತದೆ. ಪೈಪಿನ ಬೆಲೆಯೆಲ್ಲಿ, ಪಂಪಿನ ಬೆಲೆಯೆಲ್ಲಿ! ಕಾದ ಸೈಲೆನ್ಸರ್ ಕೊಳವೆಯ ಮೇಲೆ ಸೋರಿದರೆ ಬೆಂಕಿಯ ಭಯವೂ ಉಂಟು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಹಾಕಿದರಂತೂ ಸೀಲುಗಳು ಕೆಡುತ್ತವೆ.

ಹಿರಿಯೂರು–ಚಿತ್ರದುರ್ಗ ಹೆದ್ದಾರಿಯಲ್ಲಿ ಹೋಗುತ್ತಿರುವಾಗಲೇ ಎಣ್ಣೆ ಖಾಲಿಯಾದರೆ ಗಾಬರಿ ಬೇಡ. ಸ್ಟಿಯರಿಂಗ್ ತಿರುಗುತ್ತದೆ, ಆದರೆ ಬಹಳ ಬಿಗಿ. ಎರಡೂ ಕೈಯಲ್ಲಿ ಹಿಡಿದು, ವೇಗ ತಗ್ಗಿಸಿ, ಬದಿಗೆ ತಂದು ನಿಲ್ಲಿಸಿರಿ.