ಕನ್ನಡದಲ್ಲಿ ಬರೆದ ಕಂಪನಿ ಸರ್ಕಾರದ ಪದಕ

ಬ್ರಿಟಿಷರ ಕಾಲದ ಯುದ್ಧಪದಕವೆಂದರೆ ಇಂಗ್ಲಿಷ್ ಬರಹವುಳ್ಳ ಬೆಳ್ಳಿಯ ಬಿಲ್ಲೆಯೇ ನಮ್ಮ ಕಣ್ಣ ಮುಂದೆ ಬರುತ್ತದೆ. 1847ರಲ್ಲಿ ಘೋಷಣೆಯಾದ ನೌಕಾಪಡೆಯ ಪದಕ ಅಂಥದ್ದು. ಅದರ ಒಂದು ಬದಿಗೆ ವಿಕ್ಟೋರಿಯಾ ರಾಣಿಯ ಮುಖ, ಇನ್ನೊಂದು ಬದಿಗೆ ಕಡಲಕುದುರೆಯ ಮೇಲೆ ಕುಳಿತ ಬ್ರಿಟಾನಿಯಾ ದೇವಿ, ಅಂಚಿನಲ್ಲಿ ಅದನ್ನು ಗಳಿಸಿದ ನಾವಿಕನ ಹೆಸರು. ಆದರೆ ಅದಕ್ಕೂ ಹತ್ತು ವರ್ಷ ಮೊದಲಿನ ಒಂದು ಪದಕದ ಮೇಲೆ ಕನ್ನಡ ಅಕ್ಷರಗಳಿವೆ. ಅದು 1837ರ ಕೊಡಗು ಪದಕ. ಗಡಿನಾಡಿನ ನಮ್ಮ ಮಕ್ಕಳು ಅದರ ಕಥೆಯನ್ನು ತಿಳಿಯಬೇಕೆಂಬುದು ನಮ್ಮ ಆಶಯ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಭಾಗಗಳನ್ನು ಬೇರ್ಪಡಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿತು. ಅಲ್ಲಿಯವರೆಗೆ ರೈತರು ಬೆಳೆದ ಧಾನ್ಯವನ್ನೇ ಕಂದಾಯವಾಗಿ ಕೊಡುತ್ತಿದ್ದರು. ಕಂಪನಿಯು ಅದನ್ನು ನಗದಾಗಿ ಕೇಳಿತು. ಕೈಯಲ್ಲಿ ಹಣವಿಲ್ಲದ ರೈತನ ಪಾಡು ಏನಾಗಿರಬಹುದೆಂಬುದನ್ನು ಬರಗಾಲ ಕಂಡಿರುವ ಜತ್ತ ತಾಲೂಕಿನವರಿಗೆ ವಿವರಿಸಬೇಕಾಗಿಲ್ಲ.

1837ರಲ್ಲಿ ಜನರು ದಂಗೆ ಎದ್ದರು. ಪುಟ್ಟಬಸಪ್ಪನೆಂಬವನು ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತನು. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರು ನಾಯಕತ್ವ ವಹಿಸಿದರು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟವನ್ನು ಇಳಿಸಿ ತಮ್ಮ ಬಾವುಟವನ್ನು ಏರಿಸಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಹೊರಗಿನಿಂದ ಕಂಪನಿಯ ಹೆಚ್ಚುವರಿ ಸೇನೆ ಬಂದ ಮೇಲೆ ದಂಗೆ ಅಡಗಿತು.

ಕೊಡಗಿನೊಳಗೆ ದಂಗೆಯನ್ನು ತಡೆದವರು ಆ ನೆಲದವರೇ. ದಿವಾನ ಅಪ್ಪರಂಡ ಬೋಪು ಕಂಪನಿಯ ಪರವಾಗಿ ಕೊಡವರ ಪಡೆಯನ್ನು ನಡೆಸಿದರು. ಹೀಗೆ ನಿಷ್ಠೆ ತೋರಿದವರಿಗೆ ಕಂಪನಿಯು ಚಿನ್ನ ಮತ್ತು ಬೆಳ್ಳಿಯ ಪದಕಗಳನ್ನು ಕೊಟ್ಟಿತು. ಪದಕದ ಒಂದು ಬದಿಗೆ ಕೋವಿ ಹಿಡಿದು ಕತ್ತಿ ಎತ್ತಿ ನಿಂತ ಕೊಡವ ವೀರನ ಚಿತ್ರವಿದೆ. ಅದರೊಂದಿಗೆ, ದಂಗೆ ಅಡಗಿಸುವಾಗ ಕಂಪನಿ ಸರ್ಕಾರಕ್ಕೆ ನಿಷ್ಠರಾಗಿದ್ದುದಕ್ಕೆ ಇದು ಕೃಪೆಯ ಗುರುತು ಎಂಬ ಅರ್ಥದ ಬರಹ ಕನ್ನಡದಲ್ಲಿದೆ. ಇನ್ನೊಂದು ಬದಿಯ ಬರಹ ಇಂಗ್ಲಿಷಿನಲ್ಲಿದೆ.

ಕನ್ನಡವೇ ಏಕೆ? ಮನೆಯಲ್ಲಿ ಕೊಡವ ತಕ್ಕ್ ಆಡುತ್ತಿದ್ದರೂ ಕೊಡಗಿನ ಆಡಳಿತದ ಬರಹ ಕನ್ನಡವಾಗಿತ್ತು. ಅರಸರ ಚರಿತ್ರೆಯಾದ 'ರಾಜೇಂದ್ರನಾಮೆ' ಕೂಡ ಕನ್ನಡದ್ದೇ. ಜನರ ಮನಸ್ಸು ಗೆಲ್ಲಬೇಕಾದರೆ ಅವರು ಓದಬಲ್ಲ ಅಕ್ಷರದಲ್ಲಿ ಬರೆಯಬೇಕೆಂಬುದು ಕಂಪನಿಗೆ ಗೊತ್ತಿತ್ತು. ಪರಕೀಯ ವ್ಯಾಪಾರಿಗಳಿಗೇ ತಿಳಿದಿದ್ದ ಈ ಸಂಗತಿಯನ್ನು ನಮ್ಮವೇ ಕಚೇರಿಗಳಿಗೆ ನಾವು ಅರ್ಜಿ ಕೊಟ್ಟು ನೆನಪಿಸಬೇಕಾಗಿ ಬಂದಿದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಮಾತೃಭಾಷೆಯಲ್ಲಿ ಸಾಕಷ್ಟು ಸೌಲಭ್ಯ ಒದಗಿಸಲು ಹೇಳುತ್ತದೆ. ಅದು ಯಾರ ಕೃಪೆಯೂ ಅಲ್ಲ, ಹಕ್ಕಿನ ಮಾತು.

ಪದಕವು ಹೇಳದ ಮಾತೂ ಒಂದಿದೆ. 1837ರ ಜೂನ್ 20ರಂದು ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದಳು. ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಲಾಯಿತು. ಕಲ್ಯಾಣಸ್ವಾಮಿಗೂ ಮಂಗಳೂರಿನಲ್ಲಿ ಗಲ್ಲಾಯಿತು. ಇವರಿಗೆ ಯಾವ ಪದಕವೂ ದೊರೆಯಲಿಲ್ಲ. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ, 185 ವರ್ಷಗಳ ನಂತರ. ಆದರೂ ಪದಕ ಪಡೆದವರನ್ನು ಇಂದು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಅವರೂ ಆ ಕಾಲದ ಒತ್ತಡಗಳೊಳಗೆ ಬದುಕಿದ ಮನುಷ್ಯರು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಹಳೆಯ ನಾಣ್ಯ, ಪದಕ, ಶಾಸನ ಯಾವುದೇ ಕಂಡರೂ ಮಕ್ಕಳಿಂದ ಮೂರು ಪ್ರಶ್ನೆ ಕೇಳಿಸಿರಿ: ಇದನ್ನು ಮಾಡಿಸಿದವರು ಯಾರು? ಯಾರು ಓದಲೆಂದು ಬರೆಸಿದರು? ಇದರಲ್ಲಿ ಯಾರ ಹೆಸರು ಇಲ್ಲ? ಕನ್ನಡ ಶಾಲೆಯಲ್ಲಿ ಓದಿ ಏನು ಪ್ರಯೋಜನವೆಂದು ಯಾರಾದರೂ ಕೇಳಿದರೆ ಈ ಪದಕದ ಕಥೆ ಹೇಳಿರಿ. ಅದರ ಕನ್ನಡ ಬದಿಯನ್ನು ನಮ್ಮ ಮಕ್ಕಳು ಯಾರ ಸಹಾಯವೂ ಇಲ್ಲದೆ ಓದಬಲ್ಲರು.