ಗೋಡೆಯ ಮರೆಯ ತುಕ್ಕು

ಬಚ್ಚಲುಮನೆಯಲ್ಲಿ ವಾಷ್ ಬೇಸಿನ್ನಿನ ಕೆಳಗಿನ ಗೋಡೆಯ ಸುಣ್ಣ ಉಬ್ಬಿ, ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿದರೆ, ಮನೆಯವರು ಮೊದಲು ಮಳೆಯನ್ನೋ ಗಾರೆಯವನನ್ನೋ ದೂರುವುದು ವಾಡಿಕೆ. ಆದರೆ ಹಲವು ದಶಕಗಳ ಹಿಂದೆ ಕಟ್ಟಿದ ಮನೆಗಳಲ್ಲಿ ಇದಕ್ಕೆ ಕಾರಣವು ಅನೇಕ ವೇಳೆ ಗೋಡೆಯೊಳಗೆ ಹುದುಗಿರುವ ಜಿ.ಐ. ಪೈಪು, ಅಂದರೆ ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆ. ಬೇಸಿನ್ನಿನ ಕೊಳೆನೀರನ್ನು ಬಚ್ಚಲಿನ ನೆಲದಲ್ಲಿರುವ ನಹಾನಿ ಟ್ರ್ಯಾಪಿಗೆ ಒಯ್ಯುವ ಈ ಕೊಳವೆಯನ್ನು ಬದಲಿಸುವುದು ನಲ್ಲಿ ಕೆಲಸದವರ ಕಾರ್ಯವೇ ಆದರೂ, ಅದನ್ನು ಎಲ್ಲಿಂದ ಎಲ್ಲಿಯವರೆಗೆ ಬದಲಿಸತಕ್ಕದ್ದೆಂಬುದನ್ನು ನಿರ್ಣಯಿಸಲು ಕಬ್ಬಿಣವು ಕ್ಷಯಿಸುವ ಕ್ರಮವನ್ನು ಮನೆಯ ಯಜಮಾನನೂ ಅರಿತಿರಬೇಕು.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ರಕ್ಷಿಸುವ ವಿಧಾನಕ್ಕೆ ಫ್ರಾನ್ಸಿನ ಸ್ತಾನಿಸ್ಲಾ ಸೊರೆಲ್ 1837ರಲ್ಲಿ ಹಕ್ಕುಪತ್ರ ಪಡೆದನು. ಅದರ ಹಿಂದಿರುವ ತತ್ತ್ವವನ್ನು ಇಂಗ್ಲೆಂಡಿನ ಹಂಫ್ರಿ ಡೇವಿ 1824ರಷ್ಟು ಹಿಂದೆಯೇ, ನೌಕೆಗಳ ತಳಕ್ಕೆ ಹೊದಿಸಿದ ತಾಮ್ರದ ತಗಡನ್ನು ಸತು ಅಥವಾ ಕಬ್ಬಿಣದ ತುಂಡುಗಳಿಂದ ಕಾಪಾಡಬಹುದೆಂದು ತೋರಿಸಿ ಸ್ಥಾಪಿಸಿದ್ದನು. ಒಂದನ್ನೊಂದು ಮುಟ್ಟಿಕೊಂಡು ನೀರಿನಲ್ಲಿರುವ ಎರಡು ಲೋಹಗಳಲ್ಲಿ ಯಾವುದು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವುದೋ ಅದು ತಾನು ಕರಗಿ ಇನ್ನೊಂದನ್ನು ಕಾಯುವುದು. ಸತುವು ಕಬ್ಬಿಣಕ್ಕಾಗಿ ಸವೆಯುವುದು ಈ ನಿಯಮದಿಂದಲೇ. ಆದರೆ ಕೊಳವೆಯ ತುದಿಯಲ್ಲಿ ಥ್ರೆಡ್ಡು ಕೊರೆಯುವಾಗ ಆ ಸತುವೂ, ಅದರ ಕೆಳಗಿನ ಕಬ್ಬಿಣದ ದಪ್ಪದಲ್ಲಿ ಒಂದು ದೊಡ್ಡ ಪಾಲೂ ಹೊರಟುಹೋಗುತ್ತವೆ; ಅಂತಹ ತುದಿಗೆ ಹಿತ್ತಾಳೆಯ ಕಪ್ಲಿಂಗ್ ಸೇರಿದರಂತೂ, ಹಿತ್ತಾಳೆಯನ್ನು ಉಳಿಸುವುದಕ್ಕಾಗಿ ಕಬ್ಬಿಣವೇ ಸವೆಯಬೇಕಾಗುತ್ತದೆ. ಸೋರಿಕೆಯು ಸಾಮಾನ್ಯವಾಗಿ ಕೀಲುಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು ಆದಕಾರಣವೇ.

ಸತುವು ತೀರಿದ ಮೇಲೆ ನಡೆಯುವುದನ್ನು ಕೇಂಬ್ರಿಜ್ಜಿನ ಯೂಲಿಕ್ ಇವಾನ್ಸ್ ಒಂದು ಹನಿ ನೀರಿನಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದನು. ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಹನಿಯನ್ನಿಟ್ಟು, ಅದರಲ್ಲಿ ಕಬ್ಬಿಣವು ಕರಗಿದೆಡೆ ನೀಲಿಯಾಗುವ ಒಂದು ದ್ರವ್ಯವನ್ನೂ ಕ್ಷಾರವು ಹುಟ್ಟಿದೆಡೆ ಗುಲಾಬಿಯಾಗುವ ಇನ್ನೊಂದನ್ನೂ ಬೆರೆಸಿದರೆ, ಮೊದಲು ಅಲ್ಲಲ್ಲಿ ಚದುರಿ ಕಾಣಿಸಿದ ಬಣ್ಣಗಳು ಕ್ರಮೇಣ ಬೇರ್ಪಟ್ಟು, ಹನಿಯ ಅಂಚು ಗುಲಾಬಿಯಾಗಿಯೂ ನಡುಭಾಗ ನೀಲಿಯಾಗಿಯೂ ನಿಂತು, ಇವೆರಡರ ನಡುವೆ ತುಕ್ಕಿನ ಉಂಗುರವೊಂದು ಮೂಡುತ್ತದೆ. ಗಾಳಿಯ ಆಮ್ಲಜನಕವು ಧಾರಾಳವಾಗಿ ದೊರೆಯುವ ಅಂಚಿನಲ್ಲಿ ಕಬ್ಬಿಣವು ಸುರಕ್ಷಿತವಾಗಿದ್ದು, ಆಮ್ಲಜನಕವು ಅಷ್ಟಾಗಿ ತಲುಪದ ನಡುವಿನಲ್ಲಿ ಅದು ಕರಗುವುದೆಂಬುದು ಇದರ ಅರ್ಥ. ಸಾಮಾನ್ಯ ಊಹೆಗೆ ವಿರುದ್ಧವಾದ ಈ ಸತ್ಯವೇ ಕೊಳೆನೀರಿನ ಕೊಳವೆಯ ಇತಿಹಾಸವನ್ನೆಲ್ಲ ವಿವರಿಸುತ್ತದೆ.

ಸಾಬೂನಿನ ಜಿಡ್ಡು, ಕೂದಲು, ಹಲ್ಲುಪುಡಿಯ ಮಡ್ಡಿ ಇವೆಲ್ಲ ಕೊಳವೆಯ ಒಳಮೈಗೆ ಮೆತ್ತಿಕೊಂಡು ಪದರಗಟ್ಟಿದಾಗ, ಆ ಪದರದ ಅಡಿಯಲ್ಲಿ ಆಮ್ಲಜನಕವು ಕ್ಷೀಣಿಸಿ, ಅಲ್ಲಿನ ಕಬ್ಬಿಣವು ಹನಿಯ ನಡುಭಾಗದಂತೆಯೇ ಕರಗುತ್ತದೆ. ಗಾಳಿಯಿಲ್ಲದ ಆ ತಾಣದಲ್ಲಿಯೇ ಸಲ್ಫೇಟುಗಳನ್ನು ಅವಲಂಬಿಸಿ ಬದುಕುವ ಸೂಕ್ಷ್ಮಜೀವಿಗಳೂ ನೆಲೆಸುತ್ತವೆ. ಅವು ಕಬ್ಬಿಣದ ಕ್ಷಯವನ್ನು ತ್ವರಿತಗೊಳಿಸುವುವೆಂಬ ಅಂಶವನ್ನು ಹಾಲೆಂಡಿನ ವಿಜ್ಞಾನಿಗಳು 1934ರಲ್ಲಿ ಪ್ರಕಟಿಸಿದರು. ಹೀಗೆ ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಸ್ಥಳವನ್ನು ಆಕ್ರಮಿಸುವುದರಿಂದ, ಕೊಳವೆಯ ಗೋಡೆ ತೆಳುವಾಗುತ್ತಿರುವಂತೆಯೇ ಅದರ ದಾರಿಯೂ ಕಿರಿದಾಗುತ್ತ ಹೋಗಿ, ನೀರು ನಿಧಾನವಾಗಿ ಇಳಿಯತೊಡಗುತ್ತದೆ. ಹೊರಮೈಯನ್ನಾದರೋ ಸಿಮೆಂಟಿನ ಕ್ಷಾರವು ಬಹುಕಾಲ ಕಾಯುತ್ತಿರುವುದರಿಂದ, ಗೋಡೆಯನ್ನು ಒಡೆದು ನೋಡಿದಾಗಲೂ ಕೊಳವೆ ಗಟ್ಟಿಯಾಗಿರುವಂತೆ ತೋರಬಹುದು.

ಆದುದರಿಂದ ಹೊರಗಿನ ನೋಟವನ್ನು ನಂಬದೆ, ಹ್ಯಾಕ್ಸಾದಿಂದ ಕೊಳವೆಯನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಬಾಯಿಯನ್ನು ಪರೀಕ್ಷಿಸಬೇಕು. ಅಂಚಿನ ಕಬ್ಬಿಣವು ಸುತ್ತಲೂ ಒಂದೇ ದಪ್ಪವಾಗಿದೆಯೇ, ಕಂದುಗಪ್ಪು ಬಣ್ಣದ ಗಂಟುಗಳು ಒಳದಾರಿಯನ್ನು ಎಷ್ಟರಮಟ್ಟಿಗೆ ಮುಚ್ಚಿವೆ ಎಂಬ ಎರಡು ಸಂಗತಿಗಳು ಅಲ್ಲಿ ಸ್ಪಷ್ಟವಾಗುತ್ತವೆ. ತುಕ್ಕು ಹಿಡಿದ ಕೀಲನ್ನು ರೆಂಚಿನಿಂದ ಬಲವಂತವಾಗಿ ತಿರುಗಿಸಿದರೆ, ಸವೆದ ಥ್ರೆಡ್ಡು ಮುರಿದು ಅದರ ಚೂರು ಒಳಗೇ ಉಳಿಯುವ ಅಪಾಯವುಂಟು. ಸೋರುವ ತುಂಡನ್ನಷ್ಟೇ ತೆಗೆದು ಹೊಸ ಕಬ್ಬಿಣದ ತುಂಡನ್ನು ಸೇರಿಸುವುದು ಮಿತವ್ಯಯವೆಂದು ತೋರಿದರೂ ವಾಸ್ತವದಲ್ಲಿ ಹಾಗಲ್ಲ. ತುಕ್ಕಿನ ಹೊದಿಕೆಯುಳ್ಳ ಹಳೆಯ ಕಬ್ಬಿಣಕ್ಕಿಂತ ಹೊಸದು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವ ಕಾರಣ, ಹೊಸ ತುಂಡೇ ಹಳೆಯದಕ್ಕಾಗಿ ಸವೆದು ಬೇಗ ತೂತಾಗಬಹುದು.

ಜರ್ಮನಿಯಲ್ಲಿ 1930ರ ದಶಕದಲ್ಲಿ ಕೊಳವೆಯ ರೂಪದಲ್ಲಿ ಬಳಕೆಗೆ ಬಂದ ಪಿ.ವಿ.ಸಿ. ಈ ಕಷ್ಟವನ್ನು ಮೂಲದಲ್ಲಿಯೇ ಪರಿಹರಿಸುತ್ತದೆ. ಅದು ವಿದ್ಯುತ್ತನ್ನು ಹರಿಯಗೊಡದು, ಎಲೆಕ್ಟ್ರಾನುಗಳ ವಿನಿಮಯಕ್ಕೆ ಅಲ್ಲಿ ಆಸ್ಪದವೇ ಇಲ್ಲ. ಅದರ ಕೀಲುಗಳಿಗೆ ಹಚ್ಚುವ ಸಾಲ್ವೆಂಟ್ ಸಿಮೆಂಟು ಬರಿಯ ಅಂಟಲ್ಲ: ಎರಡೂ ಮೈಗಳನ್ನು ಕೊಂಚ ಕರಗಿಸಿ ಅವುಗಳ ಅಣುಸರಪಳಿಗಳನ್ನು ಹೆಣೆದು ಒಂದಾಗಿಸುವುದರಿಂದ, ಹಚ್ಚುವ ಮೊದಲು ತುದಿಗಳು ಒಣಗಿ ಶುಚಿಯಾಗಿರತಕ್ಕದ್ದು. ಆದರೆ ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಪಿ.ವಿ.ಸಿ. ಮೆತ್ತಗಾಗುವುದು; ಕುದಿನೀರನ್ನು ಬೇಸಿನ್ನಿಗೆ ಸುರಿಯುವ ಅಭ್ಯಾಸವನ್ನು ಬಿಡಬೇಕು. ಅಡಿಗೆ ಕಾಲು ಅಂಗುಲದಂತೆ ಇಳಿಜಾರನ್ನು ಕೊಟ್ಟರೆ ನೀರು ಮಡ್ಡಿಯನ್ನೂ ತನ್ನೊಡನೆ ಒಯ್ಯುತ್ತದೆ. ಬೇಸಿನ್ನನ್ನು ತುಂಬಿಸಿ ಒಮ್ಮೆಲೇ ನೀರು ಬಿಟ್ಟು, ಪ್ರತಿಯೊಂದು ಕೀಲನ್ನೂ ಒಣಬೆರಳಿನಿಂದ ಮುಟ್ಟಿ ನೋಡಿ, ತೇವವಿಲ್ಲವೆಂದು ಖಚಿತವಾದ ಬಳಿಕವೇ ಗೋಡೆಯನ್ನು ಮುಚ್ಚಬೇಕು.

ಒಂದು ತೂತು ಕಾಣಿಸಿಕೊಂಡಾಗ, ಅದೇ ನೀರು, ಅದೇ ಮಡ್ಡಿ, ಅದೇ ಸೂಕ್ಷ್ಮಜೀವಿಗಳಿಗೆ ಒಳಗಾದ ಕೊಳವೆಯ ಉಳಿದ ಭಾಗವೂ ಅದೇ ದಾರಿ ಹಿಡಿದಿರುವುದೆಂದು ಭಾವಿಸುವುದೇ ವಿವೇಕ. ಬೇಸಿನ್ನಿನಿಂದ ಟ್ರ್ಯಾಪಿನವರೆಗೆ ಗೋಡೆಯೊಳಗಿನ ಕಬ್ಬಿಣವನ್ನೆಲ್ಲ ಒಂದೇ ಸಲಕ್ಕೆ ತೆಗೆಸುವವರು ಗೋಡೆಯನ್ನು ಎರಡನೆಯ ಸಲ ಒಡೆಸುವ ಖರ್ಚನ್ನೂ ಶ್ರಮವನ್ನೂ ಉಳಿಸಿಕೊಳ್ಳುತ್ತಾರೆ.